ಹದಿನೇಳನೆಯವರ ನಿದ್ದೆ

ಅಣ್ಣನ ತಲೆಯ ಸುತ್ತಳತೆ ಐವತ್ತೇಳೂವರೆ ಸೆಂಟಿಮೀಟರ್. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ ಮೂವತ್ತಾರು. ಮೂರು ತಿಂಗಳಲ್ಲಿ ಆರು ಸಲ ಅಳೆದಿದ್ದರಿಂದ ಟೇಪು ಮುಟ್ಟದೆಯೇ ಹೇಳಿಬಿಡಬಹುದಿತ್ತು. ಆದರೂ ಅವನು ಟೇಪು ಸುತ್ತಿದ, ಕೂದಲು ಸರಿಸಿ ಸರಿಸಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದ. ನಿಯಮ ಹಾಗಿತ್ತು. ನಿಯಮ ಇಲ್ಲದಿದ್ದರೂ ಅಳೆಯುತ್ತಿದ್ದನೇನೋ. ಆ ತಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಬೇಕಾದ ಕಡೆಗೆ ತಿರುಗಿಸುವ ಅಧಿಕಾರ ಅವನಿಗೆ ಸಿಕ್ಕಿದ್ದು ನಲವತ್ತೈದನೆಯ ವಯಸ್ಸಿನಲ್ಲಿ, ಅದೂ ಬಿಳಿ ಕೋಟು ಹಾಕಿಕೊಂಡಿರುವಷ್ಟು ಹೊತ್ತು ಮಾತ್ರ. "ಸ್ವಲ್ಪ ಬಗ್ಗಿ," ಎಂದ. "ಬಗ್ಗಿದೆ ಸಾರ್," ಎಂದ ಅಣ್ಣ. ಆ 'ಸಾರ್' ಎಂಬುದರಲ್ಲಿ ಒಂದು ತುಂಟತನವಿತ್ತು. ಮೊದಲ ದಿನ ಅರ್ಜಿ ತುಂಬುವಾಗ 'ಇಲ್ಲಿನ ನೌಕರರಿಗೆ ಸಂಬಂಧಿಯೇ?' ಎಂಬ ಸಾಲಿನ ಮುಂದೆ ಅವನೇ ಬೆರಳಿಟ್ಟು, ದನಿ ತಗ್ಗಿಸಿ, "ಇಲ್ಲ ಅಂತ ಬರೀ ಅಣ್ಣ, ಇಲ್ಲಾಂದ್ರೆ ಪ್ರಯೋಗಕ್ಕೆ ಸೇರಿಸ್ಕೊಳಲ್ಲ, ನನ್ನ ಕೆಲಸಕ್ಕೂ ಕುತ್ತು," ಎಂದಿದ್ದ. ಅಣ್ಣ ಕನ್ನಡಕ ತಂದಿರಲಿಲ್ಲ. ತೋರಿಸಿದ ಜಾಗದಲ್ಲಿ ಬರೆದು, ತೋರಿಸಿದ ಜಾಗದಲ್ಲಿ ಸಹಿ ಹಾಕಿ, "ಸಂಬಂಧ ಕಡಿಯೋದು ಇಷ್ಟು ಸುಲಭ ಅಂತ ಗೊತ್ತಿರ್ಲಿಲ್ಲ ಕಣೋ," ಎಂದು ನಕ್ಕಿದ್ದ. ಅಂದಿನಿಂದ ಈ ನಿದ್ದೆಯ ಪ್ರಯೋಗಶಾಲೆಯ ಹೊಸ್ತಿಲು ದಾಟಿದ ಕೂಡಲೇ ಅವನು ಸಾರ್, ನೀವು. ಅಣ್ಣ ಮಾತಿಗೆ ತಪ್ಪುವವನಲ್ಲ. ಆದರೆ ಪ್ರತಿ ಸಲ ಸಾರ್ ಎನ್ನುವಾಗಲೂ ಅವನ ತುಟಿಯ ಒಂದು ಕೊನೆ ಮೇಲೇಳುತ್ತಿತ್ತು, ಮಗುವಿನ ಅಂಗಡಿಯಾಟಕ್ಕೆ ಗಿರಾಕಿಯಾಗಿ ನಿಂತ ದೊಡ್ಡವರ ಹಾಗೆ.

ಗುರುತು ಹಾಕಿದ ಕಡೆಯಲ್ಲೆಲ್ಲ ಮರಳುಮರಳಾದ ಮುಲಾಮು ಹಚ್ಚಿ ಚರ್ಮ ಉಜ್ಜಬೇಕು, ಆಗಲೇ ಮಿದುಳಿನ ಅಲೆ ಹಿಡಿಯುವ ತಂತಿ ಸರಿಯಾಗಿ ಕೂರುವುದು. ಎಷ್ಟು ಉಜ್ಜಬೇಕೆಂದು ಬೆರಳಿಗೆ ಗೊತ್ತಿರುತ್ತದೆ. ಅಣ್ಣನಿಗೆ ಅದಕ್ಕಿಂತ ಒಂದು ಸುತ್ತು ಹೆಚ್ಚೇ ಉಜ್ಜುತ್ತಿದ್ದ. ನೋಯುವಷ್ಟಲ್ಲ, ಉರಿಯುವಷ್ಟು. ಅಣ್ಣ ರಾತ್ರಿ ಪಾಳಿ ಮುಗಿಸಿ ಬಂದವನು, ಹಡಗುಕಟ್ಟೆಯ ಕ್ರೇನಿನ ಗಾಜಿನ ಗೂಡಿನಲ್ಲಿ ಎಂಟು ಗಂಟೆ ಕೂತು ಕೆಳಗಿಳಿದವನು. ಮೈಯಲ್ಲಿ ಗ್ರೀಸಿನ ವಾಸನೆ, ಕಣ್ಣ ಕೆಳಗೆ ಚೀಲ. ಮೂವತ್ತನಾಲ್ಕು ವರ್ಷ ರಾತ್ರಿ ದುಡಿದು ಹಗಲು ಮಲಗಿದ ಆ ದೇಹ, ಎರಡು ವರ್ಷದ ಕೆಳಗೆ ಒಂದು ದಿನ ಇದ್ದಕ್ಕಿದ್ದಂತೆ ಹಗಲನ್ನು ಒಲ್ಲೆ ಎಂದುಬಿಟ್ಟಿತು. ರಾತ್ರಿಯೂ ಬೇಡ ಎಂದಿತು. ರೆಪ್ಪೆಗೆ ರೆಪ್ಪೆ ಅಂಟದೆ ಗೋಡೆ ನೋಡುತ್ತ ಕೂತು ಕೂತು, ಕೊನೆಗೆ ನಲವತ್ತು ಅಡಿ ಮೇಲೆ ಗೂಡಿನಲ್ಲೇ ಒಂದು ಗಳಿಗೆ ಕಣ್ಣು ಜೋತುಬಿದ್ದು, ಕೊಕ್ಕೆಗೆ ನೇತಾಡುತ್ತಿದ್ದ ಪೈಪಿನ ಕಟ್ಟು ಅಡ್ಡಾದಿಡ್ಡಿ ತೂಗಿತು. ಕೆಳಗಿದ್ದವರು ಓಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮೇಲ್ವಿಚಾರಕ ಒಳ್ಳೆಯವನು, ಆರು ತಿಂಗಳು ಸಮಯ ಕೊಟ್ಟ: ನಿದ್ದೆ ಸರಿಹೋಗಿದೆ ಎಂದು ಡಾಕ್ಟರಿಂದ ಕಾಗದ ತಂದರೆ ಕ್ರೇನು, ಇಲ್ಲದಿದ್ದರೆ ಕೆಳಗೆ ಗೇಟಿನಲ್ಲಿ ಲಾರಿಗಳ ನಂಬರ್ ಬರೆಯುವ ಕೆಲಸ. ಅಣ್ಣನಿಗೆ ಗೇಟು ಎಂದರೆ ಸಾವಿಗೆ ಸಮ. ಅವನು ಹತ್ತೊಂಬತ್ತರ ವಯಸ್ಸಿನಲ್ಲಿ ಸತ್ತ ಅಪ್ಪನ ಜಾಗಕ್ಕೆ ಹತ್ತಿದವನು, ಊರನ್ನೆಲ್ಲ ಮೇಲಿನಿಂದಲೇ ನೋಡಿ ರೂಢಿಯಾದವನು.

"ಮಲಗಿ. ಏನಾದರೂ ಬೇಕಾದರೆ ಕರೀರಿ," ಎಂದು ದೀಪ ಆರಿಸಿ ಹೊರಗೆ ಬಂದ. ಬಾಗಿಲು ಹಾಕುವಾಗ ಹಿಡಿಯನ್ನು ಪೂರ್ತಿ ಕೆಳಗೆ ಒತ್ತಿ ಹಿಡಿದು, ಬಾಗಿಲು ಚೌಕಟ್ಟಿಗೆ ಕೂತ ಮೇಲೆ ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ಬಿಟ್ಟ. ಚಿಲಕದ ನಾಲಿಗೆ ಸದ್ದಿಲ್ಲದೆ ಒಳಗೆ ಹೋಯಿತು. ಈ ವಿದ್ಯೆ ಅವನಿಗೆ ಪ್ರಯೋಗಶಾಲೆ ಕಲಿಸಿದ್ದಲ್ಲ. ಇಲ್ಲಿಗೆ ಸೇರಿದ ವಾರದಲ್ಲೇ ಡಾಕ್ಟರ್ ಮೇಡಂ ಎಲ್ಲರೆದುರು ಹೊಗಳಿದ್ದರು, "ಇವರು ಓಡಾಡಿದರೆ ಬೆಕ್ಕಿಗೂ ಗೊತ್ತಾಗಲ್ಲ," ಎಂದು. ಅವನು ನಾಚಿದಂತೆ ನಕ್ಕಿದ್ದ. ಚಿಕ್ಕಂದಿನಲ್ಲಿ ಅಮ್ಮ ಕುಕ್ಕರು ಕೂಗುವ ಮೊದಲೇ ಒಲೆಯಿಂದ ಎತ್ತುತ್ತಿದ್ದಳು. ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಹಳೆಯ ಬಟ್ಟೆ ಹಾಸಿರುತ್ತಿದ್ದಳು. ಅವನು ಲೋಟವನ್ನು ನೆಲಕ್ಕಿಡುವಾಗ ಕಿರುಬೆರಳು ಅಡಿಯಲ್ಲಿಟ್ಟು ಆಮೇಲೆ ಬೆರಳು ಜಾರಿಸಬೇಕು. ಕೆಮ್ಮು ಬಂದರೆ ದಿಂಬಿನೊಳಗೆ. ಎರಡು ಕೋಣೆಯ ಆ ಮನೆಯಲ್ಲಿ ಬೆಳಗಿನ ಎಂಟರಿಂದ ಸಂಜೆ ಐದರವರೆಗೆ ಎಲ್ಲ ಮಾತೂ ತುಟಿಯ ಮೇಲಿನ ಬೆರಳೇ. ಅಣ್ಣ ಮಲಗಿದ್ದಾನೆ. ಅಣ್ಣನ ನಿದ್ದೆಯಿಂದ ಮನೆಗೆ ಅನ್ನ ಬರುತ್ತದೆ. ಅಮ್ಮ ಇದನ್ನು ಪಿಸುಗುಟ್ಟಿ ಹೇಳುತ್ತಿದ್ದಳು, ಹೀಗಾಗಿ ಅವನಿಗೆ ತುಂಬ ವರ್ಷ ಅನ್ನವೂ ಒಂದು ಗುಟ್ಟಿನ ಸಂಗತಿಯೆನಿಸಿತ್ತು.

ಪಕ್ಕದ ಕೋಣೆಯ ಪರದೆಯ ಮೇಲೆ ಅಣ್ಣನ ಮಿದುಳು ಗೀರುಗಳಾಗಿ ಓಡತೊಡಗಿತು. ಒಂದು ಪುಟಕ್ಕೆ ಮೂವತ್ತು ಸೆಕೆಂಡು. ಪ್ರತಿ ಪುಟಕ್ಕೂ ಒಂದು ಕೀಲಿ ಒತ್ತಬೇಕು: ಎಚ್ಚರ, ತೆಳು ನಿದ್ದೆ, ಗಾಢ ನಿದ್ದೆ, ಕನಸು. ಒಂಬತ್ತನೆಯ ನಿಮಿಷಕ್ಕೆ ಗೀರುಗಳು ಹಿಗ್ಗಿದವು, ಹದಿನಾರಕ್ಕೆ ಆ ದೊಡ್ಡ ಸೋಮಾರಿ ಅಲೆಗಳು ಒಂದರ ಹಿಂದೊಂದು ಬಂದವು. ಎಂಥ ಅಲೆಗಳು! ಐವತ್ತೈದರ ವಯಸ್ಸಿನವರಲ್ಲಿ ಇಷ್ಟು ಎತ್ತರದ ಅಲೆ ಅವನು ಕಂಡಿರಲಿಲ್ಲ. ಮೂರು ತಿಂಗಳ ಹಿಂದೆ ಇದೇ ಪರದೆಯಲ್ಲಿ ಇದೇ ತಲೆ ಬರೀ ಮುಳ್ಳುಬೇಲಿ. ನಡುವೆ ಆದದ್ದಿಷ್ಟೇ: ಪಾಳಿ ಕೆಲಸದಿಂದ ಲಯ ತಪ್ಪಿದ ಇಪ್ಪತ್ತನಾಲ್ಕು ಜನಕ್ಕೆ ಮೇಡಂ ಒಂದೊಂದು ಪೆಟ್ಟಿಗೆ ಕೊಟ್ಟಿದ್ದರು. ಮಲಗುವ ಮುನ್ನ ಹಣೆಗೆ ಎರಡು ಒದ್ದೆ ಪಟ್ಟಿ ಅಂಟಿಸಿಕೊಂಡು ಗುಂಡಿ ಒತ್ತಿದರೆ ಇಪ್ಪತ್ತು ನಿಮಿಷ ನಿಧಾನವಾಗಿ ಏರಿಳಿಯುವ, ಇರುವೆ ಕಚ್ಚಿದಷ್ಟೂ ಇಲ್ಲದ ಕರೆಂಟು. ಮಿದುಳು ಆ ಏರಿಳಿತವನ್ನು ಅನುಸರಿಸಿ ತಾನೂ ನಿಧಾನವಾಗುತ್ತದೆಯೇ ಎಂಬುದು ಪ್ರಶ್ನೆ. ಅರ್ಧ ಜನಕ್ಕೆ ನಿಜದ ಪೆಟ್ಟಿಗೆ. ಉಳಿದರ್ಧಕ್ಕೆ ಖಾಲಿ, ಅಂದರೆ ಮೊದಲ ಅರ್ಧ ನಿಮಿಷ ಚುರುಗುಟ್ಟಿಸಿ ಸುಮ್ಮನೆ ಸತ್ತುಹೋಗುವಂಥದ್ದು. ಯಾರಿಗೆ ಯಾವುದು ಎಂಬುದು ಮೇಡಂಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ, ಮೇಲಿನ ಮಹಡಿಯ ಕಚೇರಿಯ ಲಕೋಟೆಯೊಳಗೆ ಮಾತ್ರ ಇತ್ತು.

ಲಕೋಟೆ ಆ ದಿನ ಮಧ್ಯಾಹ್ನ ಬಂತು. ಮೇಡಂ ತಾವೇ ಹಿಡಿದುಕೊಂಡು ಬಂದರು, ಕೆನ್ನೆ ಕೆಂಪಾಗಿತ್ತು. "ನೋಡಿ, ನೋಡಿ, ಹದಿನೇಳನೆಯವರು ಕರೆಂಟಿನ ಗುಂಪು! ನಾನು ಅಂದ್ಕೊಂಡಿದ್ದೆ." ಅಣ್ಣನಿಗೆ ಅಲ್ಲಿ ಹೆಸರಿರಲಿಲ್ಲ, ಹದಿನೇಳನೆಯವರು. "ಒಬ್ಬೊಬ್ಬರಿಗೂ ನೀವೇ ಹೇಳಿಬಿಡಿ. ಕರೆಂಟಿನವರಿಗೆ ಬೇಕಾದರೆ ಇನ್ನೊಂದು ವರ್ಷ ಪೆಟ್ಟಿಗೆ ಮನೇಲಿಟ್ಕೊಳ್ಳಬಹುದು. ಬೇಕು, ಬೇಡ ಅಂತ ಸಹಿ ತಗೊಳ್ಳಿ. ಒಂದು ತಿಂಗಳ ಮೇಲೆ ಕೊನೆಯ ಸಲ ಬಂದು ಮಲಗಲಿ, ಅದನ್ನ ನೋಡಿ ಅವರ ಫ್ಯಾಕ್ಟರಿಗೋ ಹಡಗುಕಟ್ಟೆಗೋ ಕಾಗದ ಕೊಡೋಣ." ಅವನ ಎದೆಯೊಳಗೆ ನಿಜಕ್ಕೂ ಒಂದು ಸಂತೋಷ ಎದ್ದಿತು, ಇದನ್ನು ಹೇಳಲೇಬೇಕು. ಅಣ್ಣನಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಎರಡು ಸಲ ಅಂದುಕೊಂಡ. ನಾನು ಸೇರಿಸಿದ್ದಕ್ಕೆ ನಿನಗೆ ನಿದ್ದೆ ಬಂತು ಎಂಬುದನ್ನು ಬಾಯಿಬಿಟ್ಟು ಹೇಳದೆ, ಅವನೇ ಹೇಳುವ ಹಾಗೆ ಮಾಡಬೇಕು.

ಎರಡೂವರೆಗೆ ಅಣ್ಣ ಎದ್ದ. ಆರು ಗಂಟೆ ನಿದ್ದೆ ಮಾಡಿದ ಮುಖ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಅವನು ಹಿಂದೆ ನಿಂತು ಬೆಚ್ಚನೆ ನೀರಲ್ಲಿ ಹತ್ತಿ ಅದ್ದಿ ಒಂದೊಂದೇ ತಂತಿ ಬಿಡಿಸುತ್ತಿದ್ದಾಗ ಮೇಡಂ ಒಳಗೆ ಬಂದು ಹಾಸಿಗೆಯ ಅಂಚಿನಲ್ಲೇ ಕೂತು, ಹೇಗಿತ್ತು ನಿದ್ದೆ, ಮನೆಯಲ್ಲಿ ಸದ್ದುಗದ್ದಲ ಇಲ್ಲವೇ ಎಂದೆಲ್ಲ ವಿಚಾರಿಸಿದರು. ಅಣ್ಣ ಹುರುಪಿನಲ್ಲಿದ್ದ. "ನಮ್ಮನೇಲಿ ಸದ್ದಾ ಮೇಡಂ? ನಿಮಗೊಂದು ತಮಾಷೆ ಹೇಳ್ತೀನಿ ಕೇಳಿ. ನಂಗೊಬ್ಬ ತಮ್ಮ ಇದಾನೆ," ಎಂದು, ತಲೆ ಅಲ್ಲಾಡಿಸದೆ ಕಣ್ಣು ಮಾತ್ರ ಮೇಲೆತ್ತಿ ಅವನತ್ತ ಮಿಟುಕಿಸಿದ. "ಆಗವನಿಗೆ ಒಂಬತ್ತು ವರ್ಷ. ನಾನು ಮಲಗಿದೀನಿ. ಸ್ಕೂಲಲ್ಲಿ ಬಣ್ಣದ ಪೆನ್ಸಿಲ್ ಡಬ್ಬಿ ಬಹುಮಾನ ಬಂದಿತ್ತಂತೆ, ಅದನ್ನ ಗಲಗಲ ಅಲ್ಲಾಡಿಸ್ಕೊಂಡು ಕೂಗ್ತಾ ಬಂದ. ಎಲ್ಲಿಲ್ಲದ ಸಿಟ್ಟು ಬಂತು ನೋಡಿ. ರಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಲ್ಲಿಸಿ ಚಿಲಕ ಹಾಕ್ದೆ. ಆಮೇಲೆ ನಂಗೆ ನಿದ್ದೆ ಹತ್ತಿಬಿಡ್ತು. ಅಮ್ಮನೂ ಇರ್ಲಿಲ್ಲ. ಮರತೇ ಹೋದೆ! ಐದು ಗಂಟೆಗೆ ಎದ್ದು ಬಾಗಿಲು ತೆಗೀತೀನಿ, ಅಲ್ಲೇ ನಿಂತಿದಾನೆ ಭೂಪ. ತಟ್ಟೋಕೂ ಭಯ, ಸದ್ದಾಗುತ್ತಲ್ಲ! ಚಡ್ಡಿಯೆಲ್ಲ ಒದ್ದೆ. ಮೂರು ಮೆಟ್ಟಿಲು ಇಳ್ಕೊಂಡು ಹೋಗಿದೆ. ಕೆಳಗಿನ ಮನೆ ಹುಡುಗೀರಿಬ್ರು ಬಾಯಿಗೆ ಕೈ ಅಡ್ಡ ಹಿಡ್ಕೊಂಡು ನೋಡ್ತಾ ಇದಾರೆ. ಇವನು ಮಾತ್ರ ಆ ಡಬ್ಬಿ ಅಲ್ಲಾಡದ ಹಾಗೆ ಎದೆಗೆ ಅವಚ್ಕೊಂಡು ನಿಂತಿದಾನೆ! ಅವತ್ತಿಂದ ಅವನಿಗೆ ಗಿಲಕಿ ಅಂತ್ಲೇ ಹೆಸರು."

ಮೇಡಂ ನಕ್ಕರು. ಕೆಟ್ಟ ನಗೆಯಲ್ಲ, ಎಲ್ಲರೂ ನಗುವಂಥದ್ದೇ. "ಅಯ್ಯೋ ಪಾಪ! ಈಗೇನ್ ಮಾಡ್ತಿದಾರೆ ನಿಮ್ಮ ಗಿಲಕಿ?" "ದೊಡ್ಡ ಕೆಲಸದಲ್ಲಿದಾನೆ ಮೇಡಂ. ಜನರನ್ನ ಮಲಗಿಸೋ ಕೆಲಸ." ಮತ್ತೆ ಕಣ್ಣು ಮಿಟುಕಿಸಿದ. ಮೇಡಂ ಇನ್ನೂ ಜೋರಾಗಿ ನಕ್ಕು, "ನೀವೂ ನಗ್ರೀ ಸ್ವಲ್ಪ," ಎಂದು ಅವನತ್ತ ತಿರುಗಿದರು. ಅವನು ನಕ್ಕ. ಹತ್ತಿಯ ನೀರು ಮಣಿಕಟ್ಟಿನಿಂದ ಮೊಳಕೈಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಬೆಚ್ಚನೆಯ ನೀರು ಮೈಮೇಲೆ ಇಳಿಯುವಾಗಿನ ಆ ಮೊದಲ ಗಳಿಗೆಯ ಸುಖ, ಆಮೇಲೆ ಅದು ತಣ್ಣಗಾಗುವುದು. ಕೆಳಗಿನ ಮನೆಯ ದೊಡ್ಡ ಹುಡುಗಿಯ ಕಾಲುಚೀಲ ಒಂದು ಮೇಲೆ ಒಂದು ಕೆಳಗೆ ಇದ್ದದ್ದು. ಬಾಗಿಲ ಹಸಿರು ಬಣ್ಣದಲ್ಲಿ ಒಂದು ಗುಳ್ಳೆ, ಅದನ್ನು ಉಗುರಿನಿಂದ ಒತ್ತಿದರೆ ಟಪ್ಪೆನ್ನುತ್ತದೆಂದು ಒತ್ತದೆ ಇದ್ದದ್ದು. ಅಣ್ಣ ಈ ಕತೆಯ ಕೊನೆಯನ್ನು ಎಂದೂ ಹೇಳುತ್ತಿರಲಿಲ್ಲ. ಆವತ್ತು ಅಣ್ಣನೇ ಅವನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಿ, ತೊಳೆದು, ತನ್ನ ದೊಡ್ಡ ಅಂಗಿ ತೊಡಿಸಿ, ತೋಳು ಮಡಚಿ ಮಡಚಿ ಕೈ ಹೊರಗೆ ತಂದಿದ್ದ. ಅದನ್ನೂ ಹೇಳಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲವೋ, ಇನ್ನೂ ಹೆಚ್ಚಾಗುತ್ತಿತ್ತೋ, ಅವನಿಗೆ ತಿಳಿಯದು. ಮದುವೆಯ ಮನೆಯಲ್ಲಿ, ಹೆಂಡತಿಯ ತಂಗಿಯರ ಮುಂದೆ, ಸ್ವಂತ ಮಗಳ ಮುಂದೆ ಈ ಮೂರು ಮೆಟ್ಟಿಲ ಕತೆ ಹರಿದಿತ್ತು. ಈ ಕಟ್ಟಡವೊಂದೇ ಇವತ್ತಿನವರೆಗೆ ಒಣಗಿ ಉಳಿದಿತ್ತು.

ಮೇಡಂ ಹೋದರು. ಅಣ್ಣ ತಲೆ ಒರೆಸಿಕೊಳ್ಳುತ್ತ, ದನಿ ತಗ್ಗಿಸಿ, "ಹೆಂಗೆ? ಎಲ್ಲೂ ಹೆಸರು ಹೇಳ್ಲಿಲ್ಲ ನೋಡು!" ಎಂದ. ಆಮೇಲೆ, "ಲಕೋಟೆ ಬಂತಂತಲ್ಲೋ. ನಂದು ನಿಜದ್ದೇ ತಾನೇ?"

ತಮ್ಮ ಕೊಟ್ಟ ಉತ್ತರ ಬಾಯಿ ತಪ್ಪಿ ಬಂದದ್ದಲ್ಲ. ಆಡುವ ಮೊದಲು ಅವನು ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿದ್ದ.

"ಖಾಲಿ," ಎಂದ.

"ಏನು ಖಾಲಿ?"

"ನಿನ್ನ ಪೆಟ್ಟಿಗೆ. ಅದರಲ್ಲಿ ಕರೆಂಟೇ ಇರ್ಲಿಲ್ಲ. ಅರ್ಧ ನಿಮಿಷ ಚುರುಗುಟ್ಟುತ್ತೆ, ಆಮೇಲೆ ಏನೂ ಇಲ್ಲ. ಹತ್ತೊಂಬತ್ತೂವರೆ ನಿಮಿಷ ನೀನು ಸುಮ್ನೆ ಹಣೆಗೆ ಒದ್ದೆ ಬಟ್ಟೆ ಅಂಟಿಸ್ಕೊಂಡು ಕೂತಿದ್ದೆ."

ಅಣ್ಣ ಮೊದಲು ನಕ್ಕ. ತಮಾಷೆ ಎಂದುಕೊಂಡ. ಆಮೇಲೆ ತಮ್ಮನ ಮುಖ ನೋಡಿ ಟವೆಲನ್ನು ಮಡಿಲಲ್ಲಿಟ್ಟುಕೊಂಡ. "ಹಂಗಾದ್ರೆ ಮೂರು ತಿಂಗಳು ನನ್ನ ಮಲಗಿಸಿದ್ದು ಯಾರೋ?" "ಯಾರೂ ಇಲ್ಲ. ನಿನ್ನ ಮನಸ್ಸು. ಯಂತ್ರ ಅಂತ ನಂಬಿದ್ದೆ, ಬಂತು. ಒಳ್ಳೇದೇ ಆಯ್ತಲ್ಲ ಅಣ್ಣ, ಇನ್ಮೇಲೆ ಪೆಟ್ಟಿಗೆ ಹಂಗೂ ಬೇಡ." ಇದನ್ನು ಎಷ್ಟು ಮೃದುವಾಗಿ ಹೇಳಿದನೆಂದರೆ ಅವನಿಗೇ ತಾನು ಸಮಾಧಾನ ಹೇಳುತ್ತಿದ್ದೇನೆ ಎನಿಸಿತು. ಅಣ್ಣನ ಮುಖದಲ್ಲಿ ಏನೋ ಕಳಚಿಕೊಳ್ಳುತ್ತಿರುವುದನ್ನು ಅವನು ಪರದೆ ನೋಡುವ ಗಮನದಿಂದಲೇ ನೋಡಿದ. ಮೂವತ್ತು ಸೆಕೆಂಡಿನ ಒಂದು ಪುಟ ಸಾಕಾಯಿತು. "ಮೇಡಂ ಹತ್ರ ಕೇಳೋಕೆ ಹೋಗ್ಬೇಡ. ನಾನು ಹೇಳ್ಬಾರದಿತ್ತು. ಇಲ್ಲಿ ಒಂದು ಸಹಿ ಹಾಕು." ಕಾಗದದ ಮೇಲೆ 'ಕರೆಂಟಿನ ಗುಂಪು, ಪೆಟ್ಟಿಗೆ ಬೇಡ' ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಅಣ್ಣ ಕನ್ನಡಕ ತಂದಿರಲಿಲ್ಲ. ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕಿದ. ಹೋಗುವಾಗ ಬಾಗಿಲಲ್ಲಿ ನಿಂತು, ಯಾರೂ ಇಲ್ಲದಿದ್ದರೂ, "ಬರ್ತೀನಿ ಸಾರ್," ಎಂದ. ತುಟಿಯ ಕೊನೆ ಏಳಲಿಲ್ಲ.

ಆ ವಾರ ತಮ್ಮ ಚೆನ್ನಾಗಿ ಮಲಗಿದ. ಪಾಪಪ್ರಜ್ಞೆ ಕುಟುಕುತ್ತದೆ, ಕೊರೆಯುತ್ತದೆ ಎಂದೆಲ್ಲ ಹೇಳುತ್ತಾರೆ. ಅವನಿಗೆ ಹಾಗೇನೂ ಆಗಲಿಲ್ಲ. ಹಸಿವೂ ಚೆನ್ನಾಗಿತ್ತು. ಬಸ್ಸಿನಲ್ಲಿ ಹೋಗುವಾಗ ಆ 'ಖಾಲಿ' ಎಂಬ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡುತ್ತಿದ್ದ. ಒಂದೆರಡು ವಾರ ಬಿಟ್ಟು ನಿಜ ಹೇಳಿ ಪೆಟ್ಟಿಗೆ ತಲುಪಿಸಿದರಾಯಿತು, ಅಷ್ಟರಲ್ಲಿ ಅಣ್ಣ ಸ್ವಲ್ಪ ಅನುಭವಿಸಲಿ ಎಂದುಕೊಂಡಿದ್ದ. ಮೆಟ್ಟಿಲ ಮೇಲೆ ನಿಲ್ಲಿಸಿದವರೂ ಹೀಗೇ ಅಂದುಕೊಂಡಿರುತ್ತಾರೆ, ಸ್ವಲ್ಪ ಹೊತ್ತು ನಿಲ್ಲಲಿ ಎಂದು.

ಹದಿನೈದನೆಯ ದಿನ ಅತ್ತಿಗೆ ಫೋನು ಮಾಡಿದಳು. ಅವಳ ಮಾತು ಯಾವಾಗಲೂ ಪಿಸುಪಿಸು. ಆ ಮನೆಗೆ ಸೊಸೆಯಾಗಿ ಬಂದು ಗಂಟಲನ್ನೇ ಮರೆತವಳು. "ಮತ್ತೆ ಶುರುವಾಗಿದೆ ಕಣಪ್ಪ. ಹನ್ನೊಂದು ದಿನ ಆಯ್ತು. ಏನಾಯ್ತು ಅಂದ್ರೆ ಹೇಳಲ್ಲ. ಹಾಸಿಗೆ ಮೇಲೆ ಕೂತ್ಕೊಂಡು ಹಣೆ ಮುಟ್ಟಿ ಮುಟ್ಟಿ ನೋಡ್ಕೋತಾರೆ. ನಿನ್ನ ಮಾತಾದ್ರೆ ಕೇಳ್ತಾರೆ, ಬಂದು ಹೋಗು." ಭಾನುವಾರ ಮಧ್ಯಾಹ್ನ ಹೋದ. ಪ್ರಯೋಗಶಾಲೆಯಿಂದ ಯಾರಿಗೂ ಹೇಳದೆ ಹದಿನೇಳನೆಯ ಪೆಟ್ಟಿಗೆಯನ್ನೂ ಲಕೋಟೆಯ ಪಟ್ಟಿಯನ್ನೂ ಸಹಿಯ ಕಾಗದವನ್ನೂ ಚೀಲದಲ್ಲಿಟ್ಟುಕೊಂಡಿದ್ದ.

ಅಣ್ಣ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದ. ಕಿಟಕಿಗೆ ಕಪ್ಪು ಪರದೆ. ಮುಖ ಸೊರಗಿಹೋಗಿತ್ತು, ಕಣ್ಣು ಮಾತ್ರ ಬೇರೆ ಯಾರದೋ ಹಾಗೆ ಚುರುಕಾಗಿ ಉರಿಯುತ್ತಿತ್ತು.

"ನಾನು ಅವತ್ತು ಸುಳ್ಳು ಹೇಳ್ದೆ ಅಣ್ಣ," ಎಂದ ಅವನು, ನಿಂತುಕೊಂಡೇ. "ನಿಂದು ನಿಜದ ಪೆಟ್ಟಿಗೇನೇ. ಕರೆಂಟಿತ್ತು. ಎಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡಿದ್ದು ನಿನಗೇ."

ಅಣ್ಣ ಹಾಸಿಗೆ ತಟ್ಟಿ, "ಕೂತ್ಕೋ ಬಾ," ಎಂದ. "ನಿಮ್ಮತ್ತಿಗೆ ಹೇಳಿಕೊಟ್ಟಳಾ, ಹಿಂಗೆ ಹೇಳು ಅಂತ?"

"ಇಲ್ಲ ಅಣ್ಣ. ನೋಡು, ಪಟ್ಟಿ ತಂದಿದೀನಿ. ಹದಿನೇಳು, ನೋಡು. ಇಲ್ಲಿ ನಿನ್ನ ಸಹಿ."

ಅಣ್ಣ ಈ ಸಲ ಕನ್ನಡಕ ಹಾಕಿಕೊಂಡ. ನಿಧಾನವಾಗಿ ಓದಿದ. ಓದಿ, ಕಾಗದವನ್ನು ಮಡಚಿ ತಮ್ಮನ ಕೈಗೇ ಕೊಟ್ಟ. "ಕಾಗದದ ಮೇಲೆ ನಾನು ನಿನಗೆ ಏನೂ ಆಗಬೇಕಾದವನಲ್ಲ. ಅದನ್ನೂ ನೀನೇ ಬರೆಸಿದ್ದು. ಕಾಗದ ಮಾಡೋದು ನಿನಗೇನು ಕಷ್ಟ?" ಸಿಟ್ಟಿನಿಂದ ಹೇಳಲಿಲ್ಲ, ಮೆಚ್ಚಿಕೊಂಡೇ ಹೇಳಿದ. "ಅದ್ಸರಿ, ಅವತ್ತು ಸುಳ್ಳು ಯಾಕೆ ಹೇಳ್ತೀಯ ನೀನು? ನಿನಗೇನು ಬಂದಿತ್ತು ಅಂಥದ್ದು?"

ಇದೊಂದು ಪ್ರಶ್ನೆಗೆ ಅವನು ತಯಾರಾಗಿ ಬಂದಿರಲಿಲ್ಲ. ಬೇರೆ ಏನಾದರೂ ಕಾರಣ ಕಟ್ಟಬಹುದಿತ್ತು. ಮೇಡಂ ಹೇಳಿಸಿದರು, ಅದೂ ಪ್ರಯೋಗದ ಒಂದು ಭಾಗ ಎಂದಿದ್ದರೆ ಅಣ್ಣ ನಂಬುತ್ತಿದ್ದನೋ ಏನೋ. ಆದರೆ ಆ ಗಳಿಗೆಯಲ್ಲಿ ಅವನಿಗೆ ನಿಜ ಹೇಳುವ ಹಟ ಬಂದಿತ್ತು, ಸುಳ್ಳು ಹೇಳಿದವರಿಗೆ ಬರುವಂಥ ಹಟ. "ಆ ಮೆಟ್ಟಿಲ ಕತೆ ಹೇಳಿದೆಯಲ್ಲ, ಮೇಡಂ ಮುಂದೆ. ಅದಕ್ಕೆ."

ಅಣ್ಣ ಬಾಯಿ ತೆರೆದು ನೋಡಿದ. ಆಮೇಲೆ ನಗತೊಡಗಿದ. ಹದಿನೈದು ದಿನದಲ್ಲಿ ಆ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲವೆಂದು ಕಾಣುತ್ತದೆ, ಅತ್ತಿಗೆ ಅಡುಗೆಮನೆಯಿಂದ ಓಡಿಬಂದಳು. "ಕೇಳಿದೆಯೇನೇ? ಅವನು ಚಡ್ಡೀಲಿ ಮಾಡ್ಕೊಂಡಿದ್ದು ಹೇಳ್ದೆ ಅಂತ ನನ್ನ ನಿದ್ದೆ ಕಿತ್ಕೊಂಡನಂತೆ! ಲೋ, ಸುಳ್ಳು ಹೇಳೋದಾದ್ರೂ ಸರಿಯಾಗಿ ಹೇಳೋ. ಅಷ್ಟಕ್ಕೆ ಯಾರಾದ್ರೂ ಹಂಗೆ ಮಾಡ್ತಾರಾ? ಅದೂ ನೀನು?" ಅತ್ತಿಗೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಣ್ಣ ಕಣ್ಣೊರೆಸಿಕೊಂಡು ಅವನ ಭುಜದ ಮೇಲೆ ಕೈಯಿಟ್ಟ. "ನನ್ನ ಸಮಾಧಾನಕ್ಕೆ ಹೇಳ್ತಿದೀಯ, ಗೊತ್ತು. ಬೇಡ. ಅವತ್ತು ನೀನು ಇದ್ದದ್ದು ಇದ್ದ ಹಾಗೆ ಹೇಳಿದ್ದೇ ಒಳ್ಳೇದಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಮುಚ್ಚಿಡೋರು. ಒಬ್ಬನಾದ್ರೂ ನಂಗೆ ನಿಜ ಹೇಳೋನಿದಾನಲ್ಲ."

ಅವನು ಪೆಟ್ಟಿಗೆಯನ್ನು ಹೊರಗೆ ತೆಗೆದು, ಗೋಗರೆದು, ಮಗುವಿಗೆ ಔಷಧ ಕುಡಿಸುವಂತೆ ಹಣೆಗೆ ಪಟ್ಟಿ ಅಂಟಿಸಿ, ತಾನೇ ಗುಂಡಿ ಒತ್ತಿದ. ಅಣ್ಣ ತಮ್ಮನ ಮನಸ್ಸು ನೋಯಿಸಬಾರದೆಂದು ಇಪ್ಪತ್ತು ನಿಮಿಷ ಕೂತ. ಆಮೇಲೂ ಹತ್ತು ದಿನ, ಹೇಳಿದ ಹೊತ್ತಿಗೆ, ಕಟ್ಟುನಿಟ್ಟಾಗಿ ಹಾಕಿಕೊಂಡ, ಮಾತಿಗೆ ತಪ್ಪುವವನಲ್ಲ. ನಿಜವಾದ ಕರೆಂಟು ಆ ಐವತ್ತೇಳೂವರೆ ಸೆಂಟಿಮೀಟರ್ ತಲೆಯೊಳಗೆ ನಿಧಾನವಾಗಿ ಏರಿತು, ಇಳಿಯಿತು. ಅದರಡಿಯಲ್ಲಿ ಅಣ್ಣ ಮೈಯೆಲ್ಲ ಕಿವಿಯಾಗಿ, ಚುರುಗುಟ್ಟುವುದು ಯಾವಾಗ ನಿಲ್ಲುತ್ತದೆ, ಪೆಟ್ಟಿಗೆ ಯಾವಾಗ ಸಾಯುತ್ತದೆ ಎಂದು ಕಾಯುತ್ತಿದ್ದ. "ಅರ್ಧ ನಿಮಿಷಕ್ಕೆ ನಿಂತ್ಹೋಗುತ್ತೆ ಕಣೋ, ಗೊತ್ತಾಗುತ್ತೆ ನಂಗೆ," ಎಂದ ಫೋನಿನಲ್ಲಿ. "ಆದ್ರೂ ಹಾಕ್ಕೋತಿದೀನಿ, ನೀನು ಬೇಜಾರು ಮಾಡ್ಕೋಬೇಡ." ಹತ್ತು ದಿನಕ್ಕೆ ಪೆಟ್ಟಿಗೆಯನ್ನು ಒರೆಸಿ, ತಂತಿ ಸುತ್ತಿ, ಅತ್ತಿಗೆಯ ಕೈಯಲ್ಲಿ ವಾಪಸ್ಸು ಕಳಿಸಿದ.

ಮೇಡಂಗೆ ಹೇಳಿ ಅವರಿಂದಲೇ ಹೇಳಿಸಬಹುದಿತ್ತು. ಹಾಗೆ ಮಾಡಲು ಒಂದು ಬೆಳಗ್ಗೆ ಅವರ ಕೋಣೆಯ ಬಾಗಿಲವರೆಗೂ ಹೋಗಿದ್ದ. ಹದಿನೇಳನೆಯವರು ನನ್ನ ಅಣ್ಣ ಎಂಬಲ್ಲಿಂದ ಶುರುಮಾಡಬೇಕು. ಅರ್ಜಿಯಲ್ಲಿ ಸುಳ್ಳು, ಗುಂಪಿನ ಬಗ್ಗೆ ಸುಳ್ಳು, ಕದ್ದೊಯ್ದ ಪೆಟ್ಟಿಗೆ. ಕೊನೆಗೆ ಆ ಗಿಲಕಿ ಯಾರು ಎಂಬುದು. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು ನಿಜ. ಆದರೆ ಬಾಗಿಲು ತಟ್ಟಲು ಎತ್ತಿದ ಕೈ ನಿಂತದ್ದು ಆ ಕೊನೆಯದರಿಂದ. ಸ್ವಲ್ಪ ಹೊತ್ತು ಕೈ ಎತ್ತಿಕೊಂಡೇ ನಿಂತಿದ್ದು, ತಟ್ಟದೆ ವಾಪಸ್ಸು ಬಂದ.

ತಿಂಗಳು ತುಂಬಿದ ದಿನ ಅಣ್ಣ ಎಂಟು ಗಂಟೆಗೆ ಬಂದ. ಅವನ ತಲೆ ಅಳೆದದ್ದಾಯಿತು, ಗುರುತು ಹಾಕಿದ್ದಾಯಿತು. ಈ ಸಲ ತಮ್ಮ ಎಷ್ಟು ಹಗುರವಾಗಿ ಉಜ್ಜಿದನೆಂದರೆ ಎರಡು ತಂತಿ ಕೂರಲೇ ಇಲ್ಲ, ಮತ್ತೆ ಉಜ್ಜಬೇಕಾಯಿತು. ಮೇಡಂ ಬಂದು, "ಯಾಕೆ ಪೆಟ್ಟಿಗೆ ಬೇಡ ಅಂದ್ರಿ ನೀವು? ಇಷ್ಟು ಚೆನ್ನಾಗಿ ನಿದ್ದೆ ಬರ್ತಿತ್ತು!" ಎಂದು ಕೇಳಿದರು. ಅವನ ಕೈ ಅಣ್ಣನ ಹಿಂದಲೆಯ ಮೇಲಿತ್ತು. ಒಂದು ಮಾತು, ನಂದು ಖಾಲಿ ಅಂತಲ್ವಾ ಮೇಡಂ ಎಂಬ ಒಂದು ಮಾತು ಅಣ್ಣನ ಬಾಯಿಂದ ಬಂದಿದ್ದರೆ ಎಲ್ಲ ಅಲ್ಲೇ ಬಯಲಾಗುತ್ತಿತ್ತು. ಬರಲಿ ಎಂದು ಬೇಡಿಕೊಂಡನೋ, ಬಾರದಿರಲಿ ಎಂದು ಬೇಡಿಕೊಂಡನೋ, ಬೆರಳು ಮಾತ್ರ ತಾನಾಗಿ ಕೂದಲನ್ನು ಬಿಗಿಹಿಡಿದಿತ್ತು. ಅಣ್ಣ, "ಹಣೆ ಮೇಲೆ ಭಾರ ಅನ್ನಿಸ್ತಿತ್ತು ಮೇಡಂ," ಎಂದ. ಕಾಪಾಡಿದೆ ನೋಡು ಎಂಬಂತೆ ಕಣ್ಣು ಮೇಲೆತ್ತಿದ. ಮಿಟುಕಿಸುವ ಶಕ್ತಿಯಿರಲಿಲ್ಲ.

ದೀಪ ಆರಿಸಿ ಬಂದು ಪರದೆಯ ಮುಂದೆ ಕೂತ. ಎಚ್ಚರ. ಎಚ್ಚರ. ಎಚ್ಚರ. ಒಂದೇ ಕೀಲಿ. ಒಂದು ಗಂಟೆಗೆ ನೂರಿಪ್ಪತ್ತು ಪುಟ, ನಾಲ್ಕು ಗಂಟೆಗೆ ನಾನೂರೆಂಬತ್ತು. ಮುಳ್ಳುಬೇಲಿ ಕೊನೆಯಿಲ್ಲದೆ ಸಾಗಿತು. ಮೇಡಂ ಅವನ ಹೆಗಲ ಮೇಲಿಂದ ಬಗ್ಗಿ ನೋಡಿ ಉಸಿರೆಳೆದುಕೊಂಡರು. "ಅಬ್ಬ! ಕರೆಂಟು ನಿಲ್ಲಿಸಿದ್ದೇ ತಡ, ಪೂರ್ತಿ ಕುಸಿದುಬಿಟ್ಟಿದೆ. ಇದಕ್ಕಿಂತ ಸಾಕ್ಷಿ ಬೇಕಾ? ಹದಿನೇಳನೆಯವರು ನಮಗೆ ಚಿನ್ನ ಕಣ್ರೀ. ಮೊದಲ ಚಿತ್ರ ಇವರದ್ದೇ ಹಾಕೋಣ." ಹೋಗುವಾಗ ತಿರುಗಿ, "ಹಡಗುಕಟ್ಟೆಗೆ ಕಾಗದ ನೀವೇ ಬರೆದುಬಿಡಿ. ಕ್ರೇನಿಗೆ ಯೋಗ್ಯರಲ್ಲ ಅಂತ. ಪಾಪ," ಎಂದರು. ಅವನು ಬರೆದ. ಅಚ್ಚುಕಟ್ಟಾದ ಕೈಬರಹ ಅವನದು. ಸ್ಕೂಲಿನಲ್ಲಿ ಬಣ್ಣದ ಪೆನ್ಸಿಲು ಬಂದದ್ದೂ ಅದಕ್ಕೇ.

ಮಧ್ಯಾಹ್ನ ಕಾಗದ ಹಿಡಿದು ಒಳಗೆ ಹೋದ. ಕತ್ತಲಲ್ಲಿ ಅಣ್ಣ ಅಂಗಾತ ಮಲಗಿದ್ದ, ತಂತಿಗಳೆಲ್ಲ ದಿಂಬಿನ ಹಿಂದಕ್ಕೆ ಹರಿದಿದ್ದವು. ಕಣ್ಣು ಮುಚ್ಚಿತ್ತು. ಎಚ್ಚರವಾಗಿದ್ದಾನೆಂದು ಪರದೆ ನೋಡಿ ಗೊತ್ತಿತ್ತು. ಆದರೂ ಮುಚ್ಚಿದ ಆ ಕಣ್ಣು ಕಂಡದ್ದೇ ಕಾಲು ತಾನಾಗಿ ತುದಿಬೆರಳ ಮೇಲೆ ನಿಂತಿತು, ಉಸಿರು ತಾನಾಗಿ ಕಟ್ಟಿತು. ಕಾಗದ ಸರಭರ ಎನ್ನದಂತೆ ಎದೆಗೆ ಒತ್ತಿ ಹಿಡಿದುಕೊಂಡ. ಆಮೇಲೆ ಕೊಟ್ಟರಾಯಿತು. ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಹೊರಬಂದು, ಹಿಡಿಯನ್ನು ಪೂರ್ತಿ ಕೆಳಗೆ ಒತ್ತಿ, ಬಾಗಿಲನ್ನು ಚೌಕಟ್ಟಿಗೆ ತಂದು, ಕೂದಲೆಳೆಯಷ್ಟೇ ಕೂದಲೆಳೆಯಷ್ಟೇ ಬಿಡತೊಡಗಿದ.

"ಬಡಿದೇ ಹಾಕೋ ಗಿಲಕಿ," ಎಂದಿತು ಒಳಗಿನಿಂದ ಅಣ್ಣನ ದನಿ, ತುಂಬ ಅಕ್ಕರೆಯಿಂದ. "ಇಲ್ಲ್ಯಾರೂ ಮಲಗಿಲ್ಲ."